ಅರ್ಧ ಗಂಟೆಯ ಐಸ್‌ಕ್ರೀಮು

ಮಂಗಳೂರಿನಲ್ಲಿ ಕೂತು ಮನೆಗೆ ಐಸ್‌ಕ್ರೀಮು ಮಾಡುವ ಯಂತ್ರ ಬೇಕೇ ಎಂದು ಕೇಳಿದರೆ ಬೇಡ ಎನ್ನುವವರೇ ಹೆಚ್ಚು. 1975ರಲ್ಲಿ ಪ್ರಭಾಕರ ಕಾಮತರು ಇಲ್ಲಿ ಐಡಿಯಲ್ ಐಸ್‌ಕ್ರೀಮು ಪಾರ್ಲರು ಶುರುಮಾಡಿದರು. ಆಮೇಲೆ ಬೆಳೆದ ತಲೆಮಾರುಗಳಿಗೆ ರಾತ್ರಿ ಊಟ ಮುಗಿಸಿ ಪಾರ್ಲರಿಗೆ ಹೋಗುವುದು ಊರಿನ ರೂಢಿಯೇ ಆಗಿಬಿಟ್ಟಿತು. ಗಡ್‌ಬಡ್ ಐಸ್‌ಕ್ರೀಮು ಮೊದಲು ಹುಟ್ಟಿದ್ದು ಉಡುಪಿಯಲ್ಲೋ ಇಲ್ಲಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಇಂಥ ಊರಿನ ಒಂದು ಮನೆಗೆ ಯಂತ್ರ ಬಂತು. ತಂದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಬೇಡ ಎಂದವರು ಅವಳ ದೊಡ್ಡಪ್ಪ, ಐಸ್‌ಕ್ರೀಮು ಫ್ಯಾಕ್ಟರಿಯಲ್ಲಿ ಮಿಕ್ಸು ಕಾಯಿಸುವ ವಿಭಾಗ ನೋಡಿಕೊಂಡು ನಿವೃತ್ತರಾದವರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಇಬ್ಬರ ಮಾತನ್ನೂ ಕೇಳುತ್ತಾ ಕೂತೆ. ನನಗೆ ಐಸ್‌ಕ್ರೀಮು ಮಾಡಲು ಬರುವುದಿಲ್ಲ, ತಿನ್ನಲು ಬರುತ್ತದೆ. ಆದ್ದರಿಂದ ಇಬ್ಬರೂ ಹೇಳಿದ್ದು ನನಗೆ ಬೇಕಾದ ವಿಷಯವೇ ಆಗಿತ್ತು.

ದೊಡ್ಡಪ್ಪ: ಫ್ರೀಜರಿನಲ್ಲಿ ಮೀನು ಇಡ್ಲಿಕ್ಕೆ ಜಾಗ ಇಲ್ಲ ಅಂತ ನಿನ್ನಮ್ಮ ಹೇಳ್ತಿದ್ದಳು. ಅರ್ಧ ಜಾಗ ಒಂದು ಬಟ್ಟಲೇ ಹಿಡಿದಿದೆಯಂತೆ.

ಮಗಳು: ಅದು ಅಲ್ಲಿಯೇ ಇರಬೇಕು ದೊಡ್ಡಪ್ಪ. ಆ ಬಟ್ಟಲಿಗೆ ಎರಡು ಗೋಡೆ, ನಡುವೆ ಒಂದು ದ್ರವ ಉಂಟು. ಅದು ಪೂರ್ತಿ ಗಡ್ಡೆ ಕಟ್ಟಬೇಕು. ಅದಕ್ಕೆ ಹದಿನಾರು ಗಂಟೆಯಾದರೂ ಬೇಕು, ಒಂದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಅಲ್ಲಾಡಿಸಿದಾಗ ಒಳಗೆ ಕುಲುಕುವ ಶಬ್ದ ಬಂದರೆ ಇನ್ನೂ ಆಗಲಿಲ್ಲ ಅಂತ ಅರ್ಥ.

ದೊಡ್ಡಪ್ಪ: ಅಂದರೆ ಇವತ್ತು ತಿನ್ನುವ ಆಸೆ ನಿನ್ನೆಯೇ ಹುಟ್ಟಬೇಕು. ಪಾರ್ಲರಿಗೆ ಹತ್ತು ನಿಮಿಷದ ದಾರಿ.

ಮಗಳು: ಇಡ್ಲಿಗೂ ಹಿಂದಿನ ದಿನವೇ ನೆನೆ ಹಾಕ್ತೇವಲ್ಲ. ಹೋಟೆಲು ಹತ್ತಿರ ಉಂಟು ಅಂತ ಯಾರೂ ರುಬ್ಬುವುದು ಬಿಟ್ಟಿಲ್ಲ.

ದೊಡ್ಡಪ್ಪ: ಇಡ್ಲಿ ದಿನಾ ತಿನ್ನುವ ವಸ್ತು. ನಡುವೆ ಎರಡು ಗಂಟೆ ಕರೆಂಟು ಹೋಯಿತು ಅಂತಿಟ್ಟುಕೋ. ಹಿಟ್ಟು ಇನ್ನೂ ಚೆನ್ನಾಗಿ ಹುದುಗು ಬರ್ತದೆ. ನಿನ್ನ ಬಟ್ಟಲು ಎಂತ ಮಾಡ್ತದೆ?

ಮಗಳು: ಅದನ್ನು ಒಪ್ಪಿದೆ. ಕರೆಂಟು ಹೋದ ದಿನ ನಾನು ಮಾಡುವುದೇ ಇಲ್ಲ. ಒಳಗೇ ಕಂಪ್ರೆಸರ್ ಇರುವ ಯಂತ್ರ ಬರ್ತದೆ, ಅದಕ್ಕೆ ಬಟ್ಟಲು ಮೊದಲೇ ತಣ್ಣಗೆ ಮಾಡುವ ಕೆಲಸ ಇಲ್ಲ. ಆದರೆ ಬೆಲೆ ಇದರ ಹಲವು ಪಟ್ಟು, ತೂಕವೂ ಹಾಗೆಯೇ.

ದೊಡ್ಡಪ್ಪ: ಸರಿ. ಈಗಿರುವ ಯಂತ್ರ ಎಂತ ಮಾಡ್ತದೆ, ಹೇಳು.

ಮಗಳು: ತಣ್ಣಗೆ ಮಾಡ್ತಾ ತಿರುಗಿಸ್ತದೆ.

ದೊಡ್ಡಪ್ಪ: ತಿರುಗಿಸುವುದಕ್ಕಿಂತ ಕೆರೆಯುವುದು ಮುಖ್ಯ. ಮಿಕ್ಸು ತಣ್ಣನೆ ಗೋಡೆಗೆ ತಾಗಿದ ಕೂಡಲೇ ತೆಳ್ಳಗೆ ಒಂದು ಪದರ ಕಟ್ತದೆ. ಅದು ದಪ್ಪ ಆಗುವ ಮೊದಲೇ ಅಲಗು ಅದನ್ನು ಕೆರೆದು ನಡುವಿಗೆ ತಳ್ಳಬೇಕು. ಎಷ್ಟು ಬೇಗ ತಣಿಯುತ್ತದೋ ಹರಳು ಅಷ್ಟು ಸಣ್ಣ. ಹರಳು 50 ಮೈಕ್ರಾನ್ ದಾಟಿದರೆ ನಾಲಿಗೆಗೆ ತರಿತರಿ. ಫ್ಯಾಕ್ಟರಿಯಲ್ಲಿ ಮಿಕ್ಸು ಫ್ರೀಜರಿನ ಕೊಳವೆ ಹೊಕ್ಕು ಹೊರಗೆ ಬರ್ಲಿಕ್ಕೆ ಒಂದೆರಡು ನಿಮಿಷ ಸಾಕು. ನಿನ್ನ ಬಟ್ಟಲಿಗೆ ಇಪ್ಪತ್ತೈದು, ಮೂವತ್ತು ನಿಮಿಷ ಬೇಕು. ಆಮೇಲೆ ಗಟ್ಟಿ ಮಾಡ್ಲಿಕ್ಕೆ ನಮ್ಮಲ್ಲಿ ಮೈನಸ್ 30 ಡಿಗ್ರಿಯ ಕೋಣೆ. ಮನೆಯ ಫ್ರೀಜರು ಮೈನಸ್ 18, ಅದೂ ಯಾರೂ ಬಾಗಿಲು ತೆಗೆಯದಿದ್ದರೆ. ನಿಧಾನಕ್ಕೆ ಗಟ್ಟಿಯಾಗುವಾಗ ಇದ್ದ ಹರಳೂ ದೊಡ್ಡದಾಗ್ತದೆ. ಇದು ಕೈಚಳಕದ ವಿಷಯ ಅಲ್ಲ, ನೀನು ಎಷ್ಟು ಶ್ರದ್ಧೆಯಿಂದ ಮಾಡಿದರೂ ಅಷ್ಟೇ.

ಮಗಳು: ಗಟ್ಟಿ ಮಾಡಿ ಇಡುವವರಿಗೆ ಆ ಕಷ್ಟ. ನಾವು ಇಡುವುದೇ ಇಲ್ಲ. ಯಂತ್ರ ನಿಲ್ಲಿಸುವಾಗ ಅದು ಮೈನಸ್ ಐದೋ ಆರೋ ಡಿಗ್ರಿಯಲ್ಲಿ ಇರ್ತದೆ, ಬೆಣ್ಣೆಯ ಹಾಗೆ ಮೆತ್ತಗೆ. ಆಗಲೇ ಬಟ್ಟಲಿಗೆ ಹಾಕಿ ತಿನ್ನಬೇಕು. ಅಷ್ಟು ತಣ್ಣಗಿಲ್ಲದ ಕಾರಣ ನಾಲಿಗೆ ಮರಗಟ್ಟುವುದಿಲ್ಲ, ಹಣ್ಣಿನ ರುಚಿ ಪೂರ್ತಿ ಸಿಗ್ತದೆ. ನಿಮ್ಮ ಫ್ಯಾಕ್ಟರಿಯ ಐಸ್‌ಕ್ರೀಮನ್ನು ಗಿರಾಕಿಗಳು ಯಾವತ್ತಾದರೂ ಆ ಹದದಲ್ಲಿ ತಿಂದದ್ದು ಉಂಟಾ?

ದೊಡ್ಡಪ್ಪ: ಗಿರಾಕಿಗಳು ತಿಂದದ್ದಿಲ್ಲ. ನಾವು ತಿಂದಿದ್ದೇವೆ. ಕೊಳವೆಯ ಬಾಯಿಂದ ಬೀಳುವಾಗ ಒಂದು ಕಪ್ಪು ಹಿಡಿದು, ಹದ ನೋಡುವ ನೆವದಲ್ಲಿ. ಅದು ಕೆಲಸದವರಿಗೆ ಮಾತ್ರ ಸಿಗುವ ರುಚಿ. ಆಮೇಲೆ ಅಂಥದ್ದು ನಾನು ಹೊರಗೆಲ್ಲೂ ತಿನ್ನಲಿಲ್ಲ.

ಇಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಪೇಟೆಯ ಐಸ್‌ಕ್ರೀಮು ಪ್ರಯಾಣಕ್ಕಾಗಿ ತಯಾರಾದದ್ದು: ಲಾರಿ, ಗೋದಾಮು, ಅಂಗಡಿಯ ಪೆಟ್ಟಿಗೆ, ಮನೆಯ ಫ್ರಿಜ್ಜು, ಇಷ್ಟನ್ನು ದಾಟಿಯೂ ಅದು ಕೆಡಬಾರದು. ಮನೆಯಲ್ಲಿ ಮಾಡಿದ್ದು ಅಡುಗೆಮನೆಯಿಂದ ಜಗಲಿಗೆ ಬಂದರೆ ಸಾಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂದು ನನಗೆ ಹೊಳೆದದ್ದು ಆಗ. ಆದರೆ ಹಿರಿಯರು ಅಷ್ಟಕ್ಕೆ ಬಿಡುವವರಲ್ಲ.

ದೊಡ್ಡಪ್ಪ: ಹಾಗಾದರೆ ಅದರ ಆಯುಷ್ಯ ಅರ್ಧ ಗಂಟೆ. ಆ ಅರ್ಧ ಗಂಟೆ ಮನೆಯವರೆಲ್ಲ ಮನೆಯಲ್ಲಿ ಇರಬೇಕು. ನಿನ್ನಪ್ಪ ಬರುವುದು ಎಂಟಕ್ಕೆ, ನಿನ್ನ ತಮ್ಮ ಬರುವುದು ಯಾವಾಗ ಅಂತ ಅವನಿಗೇ ಗೊತ್ತಿಲ್ಲ. ನಾವು ಸಣ್ಣವರಿರುವಾಗ ಬೇಸಗೆ ರಜೆಯಲ್ಲಿ ಮರದ ಬಕೆಟ್ಟಿನಲ್ಲಿ ತಿರುಗಿಸಿ ಮಾಡ್ತಿದ್ದೆವು. ಬಂದರಿನ ಐಸ್ ಪ್ಲಾಂಟಿನಿಂದ, ಮೀನಿಗೆ ಹಾಕುವ ಅದೇ ಐಸು, ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ತರುವುದು. ಒಬ್ಬ ಗುದ್ದಿ ಪುಡಿ ಮಾಡುವುದು, ಒಬ್ಬ ಕಲ್ಲುಪ್ಪು ಹಾಕುವುದು, ಉಳಿದವರು ಸರದಿಯಲ್ಲಿ ಹಿಡಿ ತಿರುಗಿಸುವುದು. ಹಿಡಿ ಬಿಗಿಯಾಗಿ ತಿರುಗದೆ ನಿಂತರೆ ಆಯಿತು ಅಂತ ಲೆಕ್ಕ. ಅಮೆರಿಕದಲ್ಲಿ ನ್ಯಾನ್ಸಿ ಜಾನ್ಸನ್ ಎಂಬ ಹೆಂಗಸು 1843ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಕೈ ಯಂತ್ರಕ್ಕೇ. ನಿನ್ನ ಮೋಟರಿನ ಯಂತ್ರದ ಒಳಗೂ ಅದೇ ಉಪಾಯ. ಹೋದದ್ದು ಮಾತ್ರ ಜನ. ಗುಂಡಿ ಒತ್ತಿದರೆ ಸಾಕು ಅಂದ ಮೇಲೆ ಯಾರು ಯಾರಿಗಾಗಿ ಕಾಯಬೇಕು?

ಮಗಳು: ಉಪ್ಪು ಯಾಕೆ ಹಾಕುವುದು ಅಂತ ಆಗ ನಿಮಗೆ ಗೊತ್ತಿತ್ತಾ?

ದೊಡ್ಡಪ್ಪ: ಆಗ ಗೊತ್ತಿರಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಬರೀ ಐಸು ಸೊನ್ನೆ ಡಿಗ್ರಿಯಲ್ಲಿ ಕರಗ್ತದೆ. ಸಕ್ಕರೆ ಬಿದ್ದ ಹಾಲು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ ಇನ್ನೂ ಕೆಳಗೆ ಇಳಿಯಬೇಕು. ಉಪ್ಪು ಬಿದ್ದರೆ ಐಸು ಸೊನ್ನೆಗಿಂತ ಕೆಳಗೂ ಕರಗ್ತಾ ಹೋಗ್ತದೆ. ಕರಗ್ಲಿಕ್ಕೆ ಬೇಕಾದ ಶಾಖವನ್ನು ಹಾಲಿನ ಡಬ್ಬಿಯಿಂದಲೇ ಎಳೆದುಕೊಳ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಬಿದ್ದರೆ ಮೈನಸ್ 21ರ ಹತ್ತಿರದವರೆಗೂ ಇಳಿಯಬಹುದು. ಮನೆಯಲ್ಲಿ ಅಷ್ಟು ಇಳಿಸುವುದು ಕಷ್ಟ, ಅಷ್ಟು ಬೇಕಾಗುವುದೂ ಇಲ್ಲ.

ಮಗಳು: ಆ ಉಪ್ಪುನೀರು ಎಲ್ಲಿ ಚೆಲ್ಲುತ್ತಿದ್ದಿರಿ?

ದೊಡ್ಡಪ್ಪ: ಹಿತ್ತಲಲ್ಲಿ.

ಮಗಳು: ಬಸಳೆ ಚಪ್ಪರದ ಬುಡದಲ್ಲಿ ಚೆಲ್ಲಿ ಬಸಳೆ ಒಣಗಿದ್ದನ್ನು ಅಜ್ಜಿ ಇವತ್ತಿಗೂ ಹೇಳ್ತಾರೆ. ಇನ್ನೊಂದು ಮಾತೂ ಹೇಳ್ತಾರೆ. ಹಿಡಿ ತಿರುಗಿಸಿದ್ದು ನೀವೆಲ್ಲ, ಸರಿ. ಬೆಳಿಗ್ಗೆ ಎದ್ದು ಹಾಲು ಕಾಯಿಸಿದವರು, ತಳ ಹಿಡಿಯದ ಹಾಗೆ ಸೌಟು ಆಡಿಸಿದವರು, ಆ ಹಾಲು ತಣಿಸಿದವರು, ಕೊನೆಗೆ ಉಪ್ಪು ಹಿಡಿದ ಬಕೆಟ್ಟು ತೊಳೆದವರು ಯಾರು? ನಿಮಗೆ ಅದು ಆಟದ ನೆನಪು. ಅವರಿಗೆ ಒಂದು ಇಡೀ ದಿನದ ಕೆಲಸ. ನಾನು ರಾತ್ರಿ ಬಟ್ಟಲು ಇಟ್ಟು, ಮಿಕ್ಸು ಕಾಯಿಸಿ ಫ್ರಿಜ್ಜಿಗೆ ಹಾಕಿ ಮಲಗ್ತೇನೆ. ಮರುದಿನ ಸಂಜೆ ಬ್ಯಾಂಕಿನಿಂದ ಬಂದು ಮೋಟರು ಚಾಲೂ ಮಾಡಿ, ಅದು ತಿರುಗುವಾಗಲೇ ಹೊಯ್ಯುತ್ತೇನೆ. ನಿಂತ ಬಟ್ಟಲಿಗೆ ಹೊಯ್ದರೆ ಗೋಡೆಗೆ ಕಚ್ಚಿ ಅಲಗು ಸಿಕ್ಕಿಬೀಳ್ತದೆ. ತೊಳೆಯುವುದು ಎರಡೇ ಪಾತ್ರೆ.

ದೊಡ್ಡಪ್ಪ: ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಒಂದು ಕೇಳ್ತೇನೆ. ಅಜ್ಜಿಯ ಕೆಲಸ ಕಡಿಮೆ ಆಗಬೇಕಾದರೆ ಪಾರ್ಲರಿಗೆ ಹೋದರೆ ಇನ್ನೂ ಕಡಿಮೆ ಅಲ್ವಾ? ಕೆಲಸ ಕಡಿಮೆ ಮಾಡುವುದೇ ಯಂತ್ರದ ಗುಣವಾದರೆ ಅಂಗಡಿಯೇ ಎಲ್ಲಕ್ಕಿಂತ ದೊಡ್ಡ ಯಂತ್ರ.

ಮಗಳು: ಅಂಗಡಿಯಲ್ಲಿ ಒಳಗೆ ಎಂತ ಉಂಟು ಅಂತ ಗೊತ್ತಾಗುವುದಿಲ್ಲ.

ದೊಡ್ಡಪ್ಪ: ಗೊತ್ತಾಗ್ತದೆ, ಓದಬೇಕು. ಐಸ್‌ಕ್ರೀಮ್ ಅಂತ ಬರೆಯಬೇಕಾದರೆ ಹಾಲಿನ ಕೊಬ್ಬು ಕನಿಷ್ಠ ಶೇ 10 ಇರಬೇಕು ಅಂತ ನಮ್ಮ ದೇಶದ ಕಾನೂನು. ಹಾಲಿನ ಕೊಬ್ಬಿನ ಬದಲು ಎಣ್ಣೆಯ ಕೊಬ್ಬು ಹಾಕಿದರೆ ಫ್ರೋಜನ್ ಡೆಸರ್ಟ್ ಅಂತಲೇ ಬರೆಯಬೇಕು. ಅಕ್ಷರ ಸಣ್ಣದಿರಬಹುದು, ಆದರೆ ಇರ್ತದೆ. ಈಗ ನಿನ್ನ ಪಾಕ ಹೇಳು.

ಮಗಳು: ಅರ್ಧ ಲೀಟರ್ ನಂದಿನಿ ಸಮೃದ್ಧಿ ಹಾಲು, 200 ಮಿಲಿ ಕ್ರೀಮು, 130 ಗ್ರಾಂ ಸಕ್ಕರೆ.

ದೊಡ್ಡಪ್ಪ: ಸಮೃದ್ಧಿಯಲ್ಲಿ ಶೇ 6 ಕೊಬ್ಬು, ಅಲ್ಲಿಗೆ 30 ಗ್ರಾಂ. ಪೊಟ್ಟಣದ ಕ್ರೀಮಿನಲ್ಲಿ ಶೇ 25, ಅಲ್ಲಿಗೆ 50. ಒಟ್ಟು 830 ಗ್ರಾಂ ಮಿಕ್ಸಿಗೆ 80 ಗ್ರಾಂ ಕೊಬ್ಬು. ಹತ್ತಕ್ಕೆ ಸ್ವಲ್ಪ ಕಡಿಮೆ. ಹಣ್ಣು 150 ಗ್ರಾಂ ಹಾಕಿದರೆ ಎಂಟರ ಹತ್ತಿರ ಇಳಿಯಿತು. ನೀನು ಮಾರುವುದಾದರೆ ಮೀಡಿಯಂ ಫ್ಯಾಟ್ ಅಂತ ಬರೆಯಬೇಕಾಗ್ತದೆ.

ಮಗಳು: ಮಾರುವುದಿಲ್ಲವಲ್ಲ! ಮತ್ತೆ ನಿಮ್ಮಲ್ಲಿ ಅರ್ಧ ಗಾಳಿ. ಒಂದು ಲೀಟರ್ ಡಬ್ಬ 525 ಗ್ರಾಂ ತೂಗಿದರೂ ಸಾಕು ಅಂತ ಅದೇ ಕಾನೂನು ಹೇಳ್ತದೆ. ಒಂದು ಲೀಟರ್ ಮಿಕ್ಸು ಕಿಲೋಕ್ಕಿಂತ ಜಾಸ್ತಿ ತೂಗ್ತದೆ. ಉಳಿದದ್ದು ಬರೀ ಗಾಳಿ. ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡುವವರು ನಾವು.

ದೊಡ್ಡಪ್ಪ: ಗಾಳಿಯನ್ನು ಬೈಯಬೇಡ. ನಾವು ಅದನ್ನು ಓವರ್‌ರನ್ ಅಂತೇವೆ. ಗಾಳಿ ಇಲ್ಲದಿದ್ದರೆ ಅದು ಹಾಲಿನ ಗಡ್ಡೆ, ಹಲ್ಲು ಜುಮ್ಮೆನ್ನುತ್ತದೆ, ಚಮಚ ಇಳಿಯುವುದಿಲ್ಲ. ನಿನ್ನ ಯಂತ್ರವೂ ಗಾಳಿ ಸೇರಿಸ್ತದೆ, ಅದಕ್ಕೇ ಬಟ್ಟಲನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ತುಂಬಿಸ್ಬೇಕು ಅನ್ನುವುದು. ಎಷ್ಟು ಗಾಳಿ ಎಂಬುದು ಪ್ರಶ್ನೆ. ನಾನು ಕೆಲಸ ಮಾಡುವಾಗ ಅದು ಹೆಚ್ಚಾಗಬಾರದು ಅಂತ ಮೇಲಿನವರ ಹತ್ತಿರ ವಾದ ಮಾಡಿದವನು. ಹಾಗಂತ ಬೇಡವೇ ಬೇಡ ಅನ್ನುವುದು ಸರಿಯಲ್ಲ.

ಮಗಳು: ಐಸ್‌ಕ್ರೀಮಿಗೆ ಹಾಕುವ ಆ ಜಿಎಂಎಸ್ಸು, ಸಿಎಂಸಿ ಪುಡಿಗಳನ್ನೂ ಬೈಯಬಾರದಾ?

ದೊಡ್ಡಪ್ಪ: ಬೈಯಬಾರದು. ನಿನಗೆ ಅದು ಕೆಮಿಕಲ್ಲು ಅನ್ನಿಸ್ತದೆ. ಜಿಎಂಎಸ್ ಮಾಡುವ ಕೆಲಸ ಎಂತ? ನೀರು ಮತ್ತು ಕೊಬ್ಬು ಬೇರೆ ಬೇರೆ ಆಗದ ಹಾಗೆ, ಗಾಳಿ ನಿಲ್ಲುವ ಹಾಗೆ ನೋಡಿಕೊಳ್ಳುವುದು. ಮೊಟ್ಟೆಯ ಹಳದಿ ಮಾಡುವುದೂ ಅದನ್ನೇ. ಯುರೋಪಿನವರು ಹಳದಿ ಹಾಕ್ತಾರೆ. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ, ಆದ್ದರಿಂದ ನಮ್ಮ ಮನೆಗೆ ಅದು ಆಗುವುದಿಲ್ಲ. ಸಿಎಂಸಿ ನೀರನ್ನು ಹಿಡಿದುಕೊಳ್ತದೆ, ಹರಳು ಬೆಳೆಯದ ಹಾಗೆ ತಡೀತದೆ. ನಿನ್ನದು ಫ್ರಾಸ್ಟ್ ಫ್ರೀ ಫ್ರಿಜ್ಜು. ಅದು ಹಿಮ ಕರಗಿಸ್ಲಿಕ್ಕೆ ಆಗಾಗ ಒಳಗೆ ಬಿಸಿಯಾಗ್ತದೆ. ಪ್ರತಿ ಸಲ ಐಸ್‌ಕ್ರೀಮು ಸ್ವಲ್ಪ ಕರಗಿ ಪುನಃ ಗಟ್ಟಿಯಾಗ್ತದೆ, ಹರಳು ದೊಡ್ಡದಾಗ್ತದೆ. ಪುಡಿ ಹಾಕದೆ ಒಂದು ವಾರ ಇಟ್ಟು ನೋಡು.

ಮಗಳು: ನೋಡಿದ್ದೇನೆ. ಇಡಬಾರದು ಅಂತ ಆಗಲೇ ಗೊತ್ತಾದದ್ದು. ಮೇಲಿಂದ ಬಂಗುಡೆಯ ವಾಸನೆ ಬೇರೆ.

ದೊಡ್ಡಪ್ಪ: ಕೊಬ್ಬು ವಾಸನೆ ಹಿಡೀತದೆ. ಮುಚ್ಚಳದ ಒಳಗೆ ಐಸ್‌ಕ್ರೀಮಿಗೆ ತಾಗುವ ಹಾಗೆ ಪ್ಲಾಸ್ಟಿಕ್ ಹಾಳೆ ಒತ್ತಿ ಇಡಬೇಕು. ನೀನು ಸಕ್ಕರೆ ಕಡಿಮೆ ಹಾಕುವುದೂ ಉಂಟಂತೆ?

ಮಗಳು: ಅಪ್ಪನಿಗಾಗಿ. ಅವರಿಗೆ ಶುಗರು.

ದೊಡ್ಡಪ್ಪ: ಹಾಗಾದರೆ ಅವನು ಅರ್ಧ ಕಪ್ಪು ತಿನ್ನಲಿ, ಸಕ್ಕರೆ ಮುಟ್ಟಬೇಡ. ಸಕ್ಕರೆ ಸಿಹಿಗಾಗಿ ಮಾತ್ರ ಅಲ್ಲ. ಮೈನಸ್ 18ರಲ್ಲೂ ಸ್ವಲ್ಪ ನೀರು ನೀರಾಗಿಯೇ ಉಳಿಯುವುದು ಸಕ್ಕರೆಯಿಂದ. ಅದನ್ನು ಕಡಿಮೆ ಮಾಡಿದರೆ ಕಲ್ಲು. ಹಾಲಿನ ಪುಡಿ ಎರಡು ಚಮಚ ಹಾಕು, ನೀರು ಹಿಡೀತದೆ. ಜಾಸ್ತಿ ಹಾಕಿದರೆ ಅದರ ಲ್ಯಾಕ್ಟೋಸು ಹರಳಾಗಿ ಮರಳು ಮರಳು.

ಮಗಳು: ನೋಡಿ ದೊಡ್ಡಪ್ಪ, ಯಂತ್ರ ಬೇಡ ಅಂದವರು ನೀವು. ಈಗ ಒಂದೊಂದೇ ತಿದ್ದಿ ಕೊಡ್ತಿದ್ದೀರಿ.

ದೊಡ್ಡಪ್ಪ: ಮಾಡುವುದೇ ಆದರೆ ಸರಿಯಾಗಿ ಮಾಡು ಅಂತ. ಬೇಕೋ ಬೇಡವೋ ಅದು ಬೇರೆ.

ಮಗಳು: ಬೇಕು ಅನ್ನುವುದಕ್ಕೆ ನನ್ನ ನಿಜವಾದ ಕಾರಣ ಇನ್ನೂ ಹೇಳಲಿಲ್ಲ. ನಮ್ಮ ಬಾವಿಕಟ್ಟೆಯ ಪಕ್ಕದ ಹಲಸು. ತುಳುವ, ಬಕ್ಕೆ ಅಲ್ಲ. ಕೈಯಲ್ಲಿ ನಿಲ್ಲದ ಹಣ್ಣು. ಯಾರಿಗೂ ಬೇಡ, ಪೇಟೆಗೆ ಒಯ್ದರೆ ತಗೊಳ್ಳುವವರಿಲ್ಲ. ಪ್ರತಿ ವರ್ಷ ಬಿದ್ದು ಕೊಳೆಯುತ್ತಿತ್ತು. ಅದರ ಸೊಳೆ ಹಿಚುಕಿ, ನಾರು ಸೋಸಿ, ಅಮ್ಮ ಪೆರಟಿ ಮಾಡ್ತಾರಲ್ಲ, ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ್ದು, ಅದನ್ನು ಹಾಕಿ ಮಾಡಿದೆ. ನೀರಿನಂಶ ಮೊದಲೇ ಹೋಗಿರ್ತದೆ, ಆದ್ದರಿಂದ ಹರಳು ಕಟ್ಟುವುದಿಲ್ಲ. ಅಂಗಡಿಯ ಹಲಸಿನ ಐಸ್‌ಕ್ರೀಮು ನಾನು ತಿಂದಿದ್ದೇನೆ, ಚೆನ್ನಾಗಿಯೇ ಇರ್ತದೆ. ಆದರೆ ಅದು ಯಾವುದೋ ಹಲಸು. ಇದು ನಮ್ಮ ಬಾವಿಕಟ್ಟೆಯದ್ದು. ಅಜ್ಜಿ ಬಾಯಿಗೆ ಹಾಕಿದ ಕೂಡಲೇ ಇದು ಬಾವಿಕಟ್ಟೆಯದ್ದು ಅಂದರು, ಯಾರೂ ಹೇಳದೆ.

ದೊಡ್ಡಪ್ಪ: ಬೆಲ್ಲ ಹಾಕಿದ ಪೆರಟಿಯಾ? ಬಿಸಿ ಹಾಲಿಗೆ ಹಾಕಬೇಡ, ಒಡೆದೀತು. ಎರಡೂ ತಣಿದ ಮೇಲೆ ಸೇರಿಸು.

ಮಗಳು: ಹಾಗೆಯೇ ಮಾಡಿದ್ದು. ಅನಾನಸಿನಲ್ಲಿ ಮಾತ್ರ ಆಗಲಿಲ್ಲ, ಕಹಿ ಬಂತು.

ದೊಡ್ಡಪ್ಪ: ಹಸಿ ಅನಾನಸು ಹಾಲಿನ ಪ್ರೋಟೀನನ್ನು ಮುರಿದು ಹಾಕ್ತದೆ. ಸಕ್ಕರೆ ಹಾಕಿ ಬೇಯಿಸಿ ತಣಿಸಿದರೆ ಆ ಗುಣ ಹೋಗ್ತದೆ. ಹಸಿ ಪಪ್ಪಾಯಿಗೂ ಹಾಗೆಯೇ. ಹಣ್ಣು ಗೊತ್ತಿರಬೇಕು. ಮುಲ್ಕಿ ಕಡೆಯ ರಘುನಂದನ ಕಾಮತರು ಹಣ್ಣಿನ ವ್ಯಾಪಾರಿಯ ಮಗ. 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮು ಅಂಗಡಿ ಶುರುಮಾಡಿದಾಗ ಅವರಿಗೆ ದೊಡ್ಡ ಬಂಡವಾಳ ಅಂದರೆ ಹಣ್ಣನ್ನು ಮುಟ್ಟಿ ನೋಡಿ ಹದ ಹೇಳುವ ವಿದ್ಯೆ. ಎಳನೀರು, ಸೀತಾಫಲ ಎಲ್ಲ ಐಸ್‌ಕ್ರೀಮು ಆದದ್ದು ಆ ಕೈಯಿಂದ.

ಮಗಳು: ನಾನು ಹೇಳುವುದೂ ಅದನ್ನೇ. ಹಾಲು, ಹಣ್ಣು, ಸಕ್ಕರೆ. ಅಷ್ಟರಿಂದಲೇ ಆಗ್ತದೆ.

ದೊಡ್ಡಪ್ಪ: ಆದರೆ ಅವರು ಸಾವಿರಾರು ಜನರಿಗೆ ಮುಟ್ಟಿಸಿದರು. ನೀನು ಮಾಡಿದ್ದು ಆರು ಜನರಿಗೆ. ಒಂದು ಹಲಸಿನ ಹಣ್ಣಿನಲ್ಲಿ ನಿನ್ನ ಬಟ್ಟಲಿಗೆ ಹೋಗುವುದು ನಾಲ್ಕು ಸೊಳೆ. ಉಳಿದದ್ದು ಈಗಲೂ ಕೊಳೆಯುವುದೇ ತಾನೆ? ಆ ಮರ ಉಳಿಯಬೇಕು ಅಂತ ನಿನಗೆ ನಿಜವಾಗಿ ಆಸೆ ಇದ್ದರೆ ಹಣ್ಣು ತಗೊಳ್ಳುವ ಅಂಗಡಿ ಹುಡುಕಬೇಕು, ಯಂತ್ರ ಅಲ್ಲ.

ಇದು ಗಟ್ಟಿ ಮಾತು. ಅವಳಿಗೂ ಹಾಗೆಯೇ ಅನ್ನಿಸಿರಬೇಕು, ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕರಾವಳಿಯ ಎಷ್ಟೋ ಹಿತ್ತಲುಗಳಲ್ಲಿ ಮೇ ತಿಂಗಳಲ್ಲಿ ಕೊಳೆತು ಬೀಳುವ ಹಲಸನ್ನು ಕಂಡವರಿಗೆ ದೊಡ್ಡಪ್ಪನ ಸಿಟ್ಟು ಅರ್ಥವಾಗುತ್ತದೆ.

ಮಗಳು: ಅಂಗಡಿಯವರಿಗೆ ಎಲ್ಲ ಹಣ್ಣೂ ಒಂದೇ ರುಚಿ ಇರಬೇಕು ದೊಡ್ಡಪ್ಪ. ಇವತ್ತಿನ ಡಬ್ಬವೂ ನಾಳೆಯದ್ದೂ ಬೇರೆ ಬೇರೆ ಇದ್ದರೆ ಗಿರಾಕಿ ಬೈಯುತ್ತಾನೆ. ಬಾವಿಕಟ್ಟೆಯದ್ದೂ ತೋಟದ ಮೂಲೆಯದ್ದೂ ಅಲ್ಲಿ ಒಂದೇ ಡ್ರಮ್ಮಿಗೆ ಬೀಳ್ತದೆ. ಒಂದು ಮರದ ಹಣ್ಣು ಆ ಮರದ್ದಾಗಿಯೇ ತಿನ್ನಬೇಕಾದರೆ ಮನೆಯಲ್ಲಿ ಮಾತ್ರ ಆಗುವುದು. ಆರು ಜನರಿಗಾದರೂ ಆ ರುಚಿ ಗೊತ್ತಿದ್ದರೆ ಮರ ಕಡಿಯುವ ಮಾತು ಬಂದಾಗ ಬೇಡ ಅನ್ನುವವರು ಆರು ಜನ ಇರ್ತಾರೆ.

ದೊಡ್ಡಪ್ಪ: ಅದೂ ಹೌದು. ಆದರೆ ಆರೇ ಜನ.

ಮಗಳು: ಮುಂದಿನ ವಾರ ಚಿಕ್ಕಮ್ಮನ ಮನೆಯವರೂ ಬರ್ತಾರೆ, ಹನ್ನೊಂದು ಆಗ್ತದೆ. ಬಟ್ಟಲು ಒಂದೇ. ಒಂದು ಸಲ ಮಾಡಿದರೆ ಬಟ್ಟಲು ಪುನಃ ಒಂದು ದಿನ ಫ್ರೀಜರಿನಲ್ಲಿ ಇರಬೇಕು, ಒಂದು ಸರದಿ ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೇ ಒಂದು ಸರದಿ ಶುಕ್ರವಾರ ಮಾಡಿಡಬೇಕು, ಇನ್ನೊಂದು ಆದಿತ್ಯವಾರ ಅವರ ಎದುರೇ.

ದೊಡ್ಡಪ್ಪ: ಶುಕ್ರವಾರದ್ದು ಎರಡು ದಿನ ಇರಬೇಕು ಅಂತಾಯಿತು. ಅದಕ್ಕೆ ಪುಡಿ ಹಾಕು.

ಮಗಳು: ಹಾಕುವುದಿಲ್ಲ.

ದೊಡ್ಡಪ್ಪ: ಸಿಎಂಸಿ ಕಾಲು ಚಮಚ, ಜಾಸ್ತಿ ಬೇಡ, ಅಂಟಂಟಾಗ್ತದೆ. ಸಕ್ಕರೆಯಲ್ಲಿ ಬೆರೆಸಿ ಹಾಕಿದರೆ ಗಂಟು ಕಟ್ಟುವುದಿಲ್ಲ. ಅದಿಲ್ಲದೆ ಎರಡು ದಿನ ಇಟ್ಟದ್ದನ್ನು ನೆಂಟರಿಗೆ ಕೊಡಬೇಡ, ಅಂಗಡಿಯದ್ದೇ ಒಳ್ಳೆಯದು ಅಂತ ಹೇಳಿಕೊಂಡು ಹೋಗ್ತಾರೆ.

ಮಗಳು: ಹಾಗಾದರೆ ಶುಕ್ರವಾರದ ಮಿಕ್ಸಿನಲ್ಲಿ ಸ್ವಲ್ಪ ನಿಮಗೆ ಬೇರೆ ಪಾತ್ರೆಗೆ ತೆಗೆದಿಡ್ತೇನೆ. ಅದಕ್ಕೆ ಪುಡಿ ನೀವೇ ಹಾಕಿ. ಯಂತ್ರದಲ್ಲಿ ಅಲ್ಲ, ನಿಮ್ಮ ಆ ಹಳೆಯ ಮರದ ಬಕೆಟ್ಟಿನಲ್ಲಿ. ಅಟ್ಟದಲ್ಲಿ ಇನ್ನೂ ಉಂಟು ಅಂತ ದೊಡ್ಡಮ್ಮ ಹೇಳಿದ್ದಾರೆ.

ದೊಡ್ಡಪ್ಪ: ಅದರ ಹಿಡಿಯ ಹಲ್ಲುಚಕ್ರ ತುಕ್ಕು ಹಿಡಿದಿದೆ. ಸೀಮೆಎಣ್ಣೆ ಹಾಕಿ ನೋಡಬೇಕು. ಆದರೆ ಐಸು ತರುವವರು ಯಾರು?

ಮಗಳು: ನೀವು. ಬಕೆಟ್ಟು ತೊಳೆಯುವುದೂ ನೀವೇ.

ದೊಡ್ಡಪ್ಪ: ತೊಳೀತೇನೆ. ಆದರೆ ಎರಡನ್ನೂ ಆದಿತ್ಯವಾರವೇ ತೆರೆದು ತಿನ್ನಬೇಕು, ಯಾವುದು ಯಾರದ್ದು ಅಂತ ಹೇಳದೆ.

ಮಗಳು: ಹೇಳದೆ ಕೊಡುವ. ಆದರೆ ಯಂತ್ರದಿಂದ ಆಗಷ್ಟೇ ತೆಗೆದದ್ದು ಮೂರನೆಯದು ಉಂಟಲ್ಲ, ಅದನ್ನು ಕೊನೆಗೆ ಕೊಡ್ತೇನೆ.

ದೊಡ್ಡಪ್ಪ: ಅದು ನ್ಯಾಯ ಅಲ್ಲ. ಆಗಷ್ಟೇ ತೆಗೆದದ್ದರ ಎದುರು ಯಾವುದೂ ನಿಲ್ಲುವುದಿಲ್ಲ.